ಗಡಿಪೇಟೆಗೆ ಬಂದ ಫೋನು

ಕುವೈತಿನ ದಕ್ಷಿಣದ ತುದಿಯಲ್ಲಿ, ಸೌದಿ ಗಡಿಯ ಚೆಕ್‌ಪೋಸ್ಟಿಗೆ ಸ್ವಲ್ಪ ಮೊದಲು, ಹೆದ್ದಾರಿಯ ಬದಿಗೆ ಒಂದು ಪೇಟೆ ಇದೆ. ಪೇಟೆ ಎನ್ನುವುದು ನಮ್ಮ ಮನೆಯೊಳಗಿನ ಮಾತು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದದ ಹೆಸರಿದೆ. ಅಲ್ಲಿ ಕೆಲಸ ಮಾಡುವವರೆಲ್ಲ ಮರ್ಕಝ್ ಎಂದಷ್ಟೇ ಹೇಳುತ್ತಾರೆ, ಸೆಂಟರ್ ಎಂದ ಹಾಗೆ. ಬಸ್ ನಿಲ್ದಾಣ, ಲಾರಿಗಳು ನಿಲ್ಲುವ ಬಯಲು, ಪೆಟ್ರೋಲ್ ಬಂಕ್, ಕೆಲವು ಸಾಲು ಅಂಗಡಿಗಳು, ಒಂದು ಮಸೀದಿ, ಹಿಂದುಗಡೆ ನೌಕರರ ಮನೆಗಳು. ಎಲ್ಲವನ್ನೂ ಮೊದಲೇ ನಕ್ಷೆ ಬರೆದು, ಮರಳಿನ ಮೇಲೆ ಗೆರೆ ಹಾಕಿ ಎಬ್ಬಿಸಿದ್ದು. ನಮ್ಮೂರಿನಲ್ಲಿ ಒಂದು ಗೂಡಂಗಡಿಯ ಪಕ್ಕ ಇನ್ನೊಂದು ಗೂಡಂಗಡಿ ಎದ್ದು, ಅದರ ಎದುರು ಬಸ್ಸು ನಿಂತು, ಹಾಗೆ ಪೇಟೆಯಾಗುತ್ತದೆ. ಇಲ್ಲಿ ಜನ ಬರುವ ಮೊದಲೇ ಜನ ಕೂರುವ ಬೆಂಚುಗಳು ಬಂದಿದ್ದವು.

ಒಳಗೆ ಹೋಗುವಲ್ಲಿ ಒಂದು ದೊಡ್ಡ ಚಿತ್ರದ ಬೋರ್ಡು. ಖರ್ಜೂರದ ಮರಗಳ ಕೆಳಗೆ ಐಸ್‌ಕ್ರೀಂ ತಿನ್ನುವ ಮಕ್ಕಳು, ಅವರ ಹಿಂದೆ ಫಳಫಳ ಹೊಳೆಯುವ ರೈಲು. ಕೊಲ್ಲಿ ದೇಶಗಳನ್ನೆಲ್ಲ ಸೇರಿಸುವ ರೈಲು ಮುಂದೆ ಎಂದಾದರೂ ಬರುತ್ತದೆಂದು ಅದಕ್ಕೂ ಜಾಗ ಬಿಟ್ಟಿದ್ದಾರೆ. ಸದ್ಯಕ್ಕೆ ಆ ಜಾಗದಲ್ಲಿ ಬೆಕ್ಕುಗಳು ಮರಿ ಹಾಕುತ್ತವೆ. ಅಂಗಡಿಗಳಲ್ಲಿ ಅರ್ಧದಷ್ಟಕ್ಕೆ ಇನ್ನೂ ಶಟರ್ ಎಳೆದೇ ಇದೆ. ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗುವ ಬಸ್ಸುಗಳು ಬಂದು ನಿಂತಾಗ ಮಾತ್ರ ಮರ್ಕಝ್‌ಗೆ ಜೀವ ಬರುತ್ತದೆ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಶೌಚಾಲಯಕ್ಕೆ ಓಡುತ್ತಾರೆ, ಗಂಡಸರು ಚಹಾಕ್ಕೆ. ಬಸ್ಸು ಹೊರಟ ಮೇಲೆ ಮತ್ತೆ ಗಾಳಿ, ಮರಳು, ನಾವು.

ನಾವು ಮೊದಲು ಕುವೈತ್ ನಗರದ ಹತ್ತಿರ, ಸಾಲ್ಮಿಯಾದಲ್ಲಿದ್ದೆವು. ನಾನು ಒಂದು ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಮಾಡುತ್ತಿದ್ದೆ. ನನ್ನ ಗಂಡ ಅರ್ದಿಯಾದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಇವರ ಕಂಪನಿಗೆ ಮರ್ಕಝ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇವರನ್ನು ಮೆಂಟೆನೆನ್ಸ್ ಸೂಪರ್‌ವೈಸರ್ ಮಾಡಿ, ಮನೆಯನ್ನೂ ಕೊಟ್ಟು, ಅಲ್ಲಿಗೆ ಕಳಿಸಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಮುದ್ರ ಕಾಣುವ ಮನೆ ಬಿಟ್ಟು ಮರಳು ನೋಡಲು ಯಾಕೆ ಹೋಗಬೇಕು ಎಂದು ಒಂದು ವಾರ ಮಾತು ಬಿಟ್ಟೆ. ನಿಜ ಹೇಳಬೇಕೆಂದರೆ, ಸಾಲ್ಮಿಯಾದ ಆ ಮನೆಯಲ್ಲಿ ಸಮುದ್ರ ಕಾಣುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ ಕುತ್ತಿಗೆ ಓರೆ ಮಾಡಿದರೆ ಮಾತ್ರ, ಎರಡು ಕಟ್ಟಡಗಳ ನಡುವೆ, ಒಂದು ಪಟ್ಟಿ. ಕೊನೆಗೆ ಮರ್ಕಝ್‌ನ ಔಷಧಿ ಅಂಗಡಿಯಲ್ಲೇ ನನಗೂ ಕೆಲಸವಾಯಿತು. ನಮಗೆ ಮಕ್ಕಳಿಲ್ಲ, ಶಾಲೆಯ ಚಿಂತೆ ಇರಲಿಲ್ಲ. ಹೋದೆವು.

ಈ ಬದಲಾವಣೆಯಿಂದ ಹಿಗ್ಗಿ ಹೋದವರು ಒಬ್ಬರೇ, ಇವರ ಅಕ್ಕ.

ಆ ಅಕ್ಕನ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗಲಿಕ್ಕಿಲ್ಲ. ಇವರು ಪ್ರೈಮರಿ ಶಾಲೆಯಲ್ಲಿರುವಾಗಲೇ ತಂದೆ ತಾಯಿ ಇಬ್ಬರೂ ಹೋದರು. ಅಕ್ಕ ಬೀಡಿ ಕಟ್ಟಿ ತಮ್ಮನನ್ನು ಸಾಕಿದರು. ತಮ್ಮನ ಪಿಯುಸಿ ಮುಗಿಯುವವರೆಗೆ ಬಂದ ಸಂಬಂಧಗಳನ್ನೆಲ್ಲ ವಾಪಸ್ ಕಳಿಸಿದರು. ನಮ್ಮದು ತುಳು ಮಾತಾಡುವ ಮನೆತನ, ನಮ್ಮಲ್ಲಿ ಕುಟುಂಬ ಎಣಿಸುವುದು ತಾಯಿಯ ಕಡೆಯಿಂದ. ಅಕ್ಕ ತಮ್ಮ ಒಂದೇ ಕುಟುಂಬ, ಹೆಂಡತಿಯಾದ ನಾನು ಲೆಕ್ಕದಲ್ಲಿ ಹೊರಗಿನವಳು. ಮದುವೆಯ ಹೊಸತರಲ್ಲಿ ಇದನ್ನು ಹೇಳಿ ಇವರನ್ನು ರೇಗಿಸುತ್ತಿದ್ದೆ. ಅಕ್ಕನನ್ನು ರೇಗಿಸಲು ಹೋದರೆ, "ನೀನು ಹೊರಗಿನವಳಾದ್ರೆ ನಿನ್ನ ತಟ್ಟೆಗೆ ಮೀನಿನ ತಲೆ ಯಾಕೆ ಹಾಕ್ತಿದ್ದೆ ನಾನು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಪ್ರತಿ ಶುಕ್ರವಾರ ಊಟವಾದ ಮೇಲೆ ಇವರು ಅಕ್ಕನಿಗೆ ಫೋನ್ ಮಾಡಬೇಕು. ಇವರು ಮೊದಲೇ ಮಾತು ಕಡಿಮೆಯ ಮನುಷ್ಯ. ಊಟ ಆಯ್ತಾ, ಮಳೆ ಉಂಟಾ, ಭಾವ ಹೇಗಿದ್ದಾರೆ, ಅಷ್ಟರಲ್ಲಿ ಇವರ ಸರಕು ಖಾಲಿ. ಮರ್ಕಝ್‌ಗೆ ಬಂದ ಮೇಲೆ ಇವರಿಗೆ ಮಾತು ಸಿಕ್ಕಿತು. ಬಸ್ ನಿಲ್ದಾಣದ ಚಾವಣಿ ಹೇಗೆ ಸೋರುವುದಿಲ್ಲ, ಮರಳುಗಾಳಿ ಬಂದರೆ ಏಸಿಯ ಫಿಲ್ಟರ್ ಏನಾಗುತ್ತದೆ, ಯಾವ ಸಾಲಿನಲ್ಲಿ ಯಾವ ಅಂಗಡಿ ತೆರೆಯಿತು, ಎಲ್ಲವನ್ನೂ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದರು. ಅಕ್ಕನೂ ಬಿಡುತ್ತಿರಲಿಲ್ಲ.

"ನಿನ್ನ ಪೇಟೆ ಎಂತ ಹೇಳ್ತದೆ? ರೈಲು ಬಂತಾ?"

"ಇಲ್ಲ ಅಕ್ಕ. ಈ ವರ್ಷ ಬರ್ಲಿಕ್ಕಿಲ್ಲ."

"ಬಾರದೆ ಎಲ್ಲಿಗೆ ಹೋಗ್ತದೆ? ನೀನು ಸ್ಟೇಶನ್ ಚೊಕ್ಕ ಇಡು."

ತನ್ನ ತಮ್ಮ ಒಂದು ಇಡೀ ಪೇಟೆಯನ್ನು ನೋಡಿಕೊಳ್ಳುತ್ತಾನೆ ಎಂದು ಅವರು ಮಂಗಳೂರಿನ ಹತ್ತಿರ ಬಜ್ಪೆಯ ತಮ್ಮ ವಠಾರದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇವರು ಕಳಿಸಿದ ಫೋಟೋಗಳನ್ನು ಅಕ್ಕಪಕ್ಕದವರಿಗೆ ತೋರಿಸಿ, ಆ ಖಾಲಿ ಬೆಂಚುಗಳನ್ನು ಕಂಡವರು ಜನ ಎಲ್ಲಿ ಎಂದು ಕೇಳಿದರೆ, ಅದು ಬಿಸಿಲಿನ ಹೊತ್ತು, ಜನ ಒಳಗಿದ್ದಾರೆ ಎನ್ನುತ್ತಿದ್ದರಂತೆ. ಅವರನ್ನು ಒಮ್ಮೆ ವಿಸಿಟ್ ವೀಸಾದಲ್ಲಿ ಕರೆಸಬೇಕು, ಆ ನಿಲ್ದಾಣದಲ್ಲಿ ಕೂರಿಸಿ ಚಹಾ ಕುಡಿಸಬೇಕು ಎಂದು ಇವರಿಗೆ ಆಸೆಯಿತ್ತು. ಹೃದಯದ ಕಾಯಿಲೆ ಇದ್ದವರು, ವಿಮಾನ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅದು ಮುಂದೆ ಮುಂದೆ ಹೋಯಿತು.

ಇನ್ನು ನಮ್ಮವರ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಗಲ್ಫಿನಲ್ಲಿರುವವರಿಗೆ ಊರಿನಿಂದ ಸಾವಿನ ಸುದ್ದಿಯನ್ನು ಯಾರೂ ನೇರ ಹೇಳುವುದಿಲ್ಲ. "ಕಾಯಿಲೆ ಸ್ವಲ್ಪ ಜೋರುಂಟು, ಒಮ್ಮೆ ಹೊರಟು ಬಾ, ಗಾಬರಿ ಬೇಡ" ಎನ್ನುತ್ತಾರೆ. ಒಬ್ಬನೇ ವಿಮಾನದಲ್ಲಿ ಬರುವವನು ದಾರಿಯಲ್ಲಿ ಏನಾದರೂ ಮಾಡಿಕೊಂಡಾನು, ಮನೆ ತಲುಪಿದ ಮೇಲೆ ನಾಲ್ಕು ಜನ ಹಿಡಿದುಕೊಳ್ಳಲಿಕ್ಕಿರುತ್ತಾರೆ ಎಂಬ ಕಾಳಜಿ. ಕೇಳಿಸಿಕೊಂಡವನಿಗೂ ಗೊತ್ತಿರುತ್ತದೆ. ಅವನೂ ಹೆಚ್ಚು ಕೆದಕುವುದಿಲ್ಲ. ಕೆದಕಿದರೆ ಹೇಳುವವರ ಬಾಯಿಯಿಂದ ಆ ಮಾತನ್ನು ಹೊರಡಿಸಿದ ಹಾಗಾಗುತ್ತದೆ. ಆಯ್ತು, ಬರ್ತೇನೆ ಎಂದು ಫೋನ್ ಇಡುವುದು ಮರ್ಯಾದೆ.

ನನ್ನ ಅಪ್ಪ ತೀರಿಕೊಂಡಾಗ ನನಗೂ ಹೀಗೇ ಹೇಳಿದ್ದರು. ಆಗ ನಾನು ಕುವೈತಿಗೆ ಹೊಸಬಳು, ಹೇಳಿದ್ದನ್ನು ನಂಬಿದೆ. ಅಪ್ಪನಿಗೆಂದು ವಿಮಾನ ನಿಲ್ದಾಣದಲ್ಲಿ ಒಂದು ಸ್ವೆಟರ್ ಕೊಂಡೆ. ಊರಿನಲ್ಲಿ ಟ್ಯಾಕ್ಸಿ ಮನೆಯ ತಿರುವಿಗೆ ಬಂದಾಗ ಗೇಟಿನ ಹೊರಗೆ ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳು ಕಂಡವು. ಆ ಕುರ್ಚಿಗಳು ನನಗೆ ಹೇಳಿದವು. ಅಂದಿನಿಂದ ಈ ಅಭ್ಯಾಸ ಕಂಡರೆ ನನಗೆ ಮೈ ಉರಿಯುತ್ತದೆ. ದೊಡ್ಡವರನ್ನು ಮಕ್ಕಳ ಹಾಗೆ ಕಾಣುವುದು ಎಂಥ ಕಾಳಜಿ ಎಂದು ಇವರ ಜೊತೆ ಎಷ್ಟೋ ಸಲ ಜಗಳವಾಡಿದ್ದೇನೆ. ಇವರು, "ಹೇಳುವವರಿಗೂ ಬಾಯಿ ಬರ್ಬೇಕಲ್ಲ" ಎಂದು ಸುಮ್ಮನಾಗುತ್ತಿದ್ದರು.

ಫೋನು ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಉಮ್ರಾದ ಎರಡು ಬಸ್ಸು ಒಟ್ಟಿಗೆ ಬಂದು ನನ್ನ ಅಂಗಡಿಯಲ್ಲಿ ವಾಂತಿಯ ಮಾತ್ರೆ ಕೇಳುವವರ ಸಾಲು ನಿಂತಿತ್ತು. ಇವರು ಬಾಗಿಲಿನಲ್ಲಿ ಬಂದು ನಿಂತರು. ಕೈಯಲ್ಲಿ ಫೋನು ಹಾಗೇ ಇತ್ತು. ಮುಖ ನೋಡಿದ ಕೂಡಲೇ ನಾನು ಕೌಂಟರ್ ಬಿಟ್ಟು ಬಾಗಿಲಿಗೆ ಹೋದೆ.

"ಭಾವ ಫೋನ್ ಮಾಡಿದ್ರು," ಅಂದರು. "ಅಕ್ಕನಿಗೆ ಜೋರುಂಟಂತೆ. ಹೊರಟು ಬಾ ಅಂದ್ರು."

"ನೀವೆಂತ ಹೇಳಿದ್ರಿ?"

"ಆಯ್ತು ಅಂದೆ."

ಅಕ್ಕನ ಗಂಡ ಮಂಗಳೂರು ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಫೋನು ಬಂದರೆ ಪಕ್ಕದ ಮನೆಗೂ ಕೇಳಿಸಬೇಕು, ಅಂಥ ಗಂಟಲು. ಅವತ್ತು ಅವರು ಪಿಸುಮಾತಿನಲ್ಲಿ ಮಾತಾಡಿದ್ದರಂತೆ. ಇನ್ನು ಕೇಳಲಿಕ್ಕೆ ಏನಿದೆ? ಇವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಅಭ್ಯಾಸವನ್ನು ಅಷ್ಟು ಬೈಯುವ ನಾನೇ ಒಂದು ಮಾತು ಫೋನ್ ಮಾಡಿ ವಿಚಾರಿಸಲಿಲ್ಲ. ಎಲ್ಲ ಮುಗಿದಿದೆ ಎಂದು ಇಬ್ಬರಿಗೂ ಖಂಡಿತವಾಗಿ ಗೊತ್ತಿತ್ತು.

ಆಮೇಲಿನದೆಲ್ಲ ಕ್ರಮಪ್ರಕಾರ ನಡೆಯಿತು. ಅಂದು ಸಂಜೆಯೊಳಗೆ ದಹನ ಮಾಡಿಬಿಡುತ್ತಾರೆ, ಯಾವ ವಿಮಾನ ಹಿಡಿದರೂ ಮುಖ ನೋಡಲು ಸಿಗುವುದಿಲ್ಲ ಎಂದು ಇವರು ಲೆಕ್ಕ ಹಾಕಿದರು. ಮಂಗಳೂರಿಗೆ ನೇರ ವಿಮಾನ ಇದ್ದದ್ದು ಭಾನುವಾರ. ಅದರಲ್ಲಿ ಹೋದರೆ ಉತ್ತರಕ್ರಿಯೆಯವರೆಗೆ ಇದ್ದು ಬರಬಹುದು. ಈಗ ನಾವು ಈ ದೇಶ ಬಿಟ್ಟು ಹೊರಡಬೇಕಾದರೆ ಕಂಪನಿಯ ಒಪ್ಪಿಗೆ ಬೇಕು. ಫೋನಿನಲ್ಲಿ ಅರ್ಜಿ ಹಾಕಬೇಕು, ಮುದೀರ್, ಎಂದರೆ ಮ್ಯಾನೇಜರ್, ಒಪ್ಪಬೇಕು. ಮುದೀರ್ ಈಜಿಪ್ಟಿನವರು. ಅಕ್ಕ ತೀರಿಕೊಂಡಳು ಎಂದು ಇವರು ಹೇಳಿದಾಗ ಎದ್ದು ಬಂದು ಇವರ ಹೆಗಲು ಹಿಡಿದುಕೊಂಡರಂತೆ, ಕೂಡಲೇ ಒಪ್ಪಿಗೆ ಕೊಟ್ಟರಂತೆ. ಇವರು ಭಾವನಿಗೆ ಒಂದು ಮೆಸೇಜು ಹಾಕಿದರು. ಭಾನುವಾರದ ವಿಮಾನಕ್ಕೆ ಬರ್ತೇನೆ, ನೀವು ಧೈರ್ಯವಾಗಿರಿ ಎಂದು. ಆಮೇಲೆ ಫೋನ್ ಆಫ್ ಮಾಡಿ ತಲೆಗೆ ಸ್ನಾನ ಮಾಡಿದರು. ದೇವರ ಮುಂದಿನ ದೀಪ ಹಚ್ಚಬೇಡ ಎಂದು ನನಗೆ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮರ್ಕಝ್‌ನಲ್ಲಿದ್ದ ನಮ್ಮ ಕಡೆಯವರೆಲ್ಲ ಮನೆಗೆ ಬಂದರು. ನಾವೆಲ್ಲ ಸೇರಿದರೆ ಒಂದು ಕೋಣೆ ತುಂಬುತ್ತದೆ. ಕೆಫೆಟೇರಿಯಾ ನಡೆಸುವ ಉಳ್ಳಾಲದ ಹಾಜಿಯವರು ದೊಡ್ಡ ಫ್ಲಾಸ್ಕಿನಲ್ಲಿ ಚಹಾ, ಒಂದು ಕಟ್ಟು ಬನ್ನು ತಂದು ಅಡುಗೆಮನೆಯಲ್ಲಿಟ್ಟರು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದು ಬೇಡ ಎಂದು ನಾವು ಹೇಳದೆಯೇ ಅವರಿಗೆ ಗೊತ್ತಿತ್ತು. ಎಲ್ಲರೂ ನೆಲದ ಮೇಲೆ ಕೂತರು. ತಮ್ಮ ತಮ್ಮ ಮನೆಯ ಸಾವುಗಳನ್ನು, ಆ ಸುದ್ದಿ ಬಂದ ರೀತಿಯನ್ನು ಒಬ್ಬೊಬ್ಬರಾಗಿ ಹೇಳಿದರು. ಹಾಜಿಯವರು ತಮ್ಮ ತಾಯಿಯ ವಿಷಯ ಹೇಳಿ, "ನಮ್ಮ ಅಣ್ಣ ಫೋನಲ್ಲಿ 'ಉಮ್ಮ ಮಲಗಿದ್ದಾರೆ' ಅಂದ. ಅಷ್ಟರಲ್ಲೇ ಎಲ್ಲ ಉಂಟಲ್ಲ" ಎಂದು ಕಣ್ಣೊರೆಸಿಕೊಂಡರು. ಇವರು ಗೋಡೆಗೆ ಒರಗಿ ಕೂತು, ಅಕ್ಕ ಬೀಡಿಯ ಎಲೆ ಕತ್ತರಿಸುತ್ತ ತನಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದದ್ದನ್ನು ಹೇಳಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಡುವೆ ನಾನು ಫೋನ್ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪ್ ನೋಡಿದೆ. ಯಾರಾದರೂ ಹೋದರೆ ಅಲ್ಲಿ ಓಂ ಶಾಂತಿಯ ಸುರಿಮಳೆಯಾಗುತ್ತದೆ. ಒಂದೂ ಇರಲಿಲ್ಲ. ಇವರು ಊರು ಮುಟ್ಟುವವರೆಗೆ ಯಾರೂ ಏನೂ ಹಾಕಬಾರದು ಎಂದು ಭಾವ ಕಟ್ಟಪ್ಪಣೆ ಮಾಡಿರಬೇಕು ಎಂದುಕೊಂಡೆ. ಎಷ್ಟು ಚೆನ್ನಾಗಿ ಮುಚ್ಚಿಡುತ್ತಾರೆ ಎಂದು ಮನಸ್ಸಿನಲ್ಲೇ ಬೈದೆ.

ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ, ಇವರು ಒಳಗೆ ಮಲಗಿದ್ದಾಗ, ನನ್ನ ಫೋನ್ ಬಡಿಯಿತು. ಅಕ್ಕನ ಮಗಳು.

"ಮಾಮಿ, ಮಾವ ಎಲ್ಲಿಗೆ ಮುಟ್ಟಿದ್ರು? ಅವರ ಫೋನ್ ಆಫ್ ಬರ್ತಾ ಉಂಟು. ಅಮ್ಮ ನಿನ್ನೆಯಿಂದ ಕೇಳ್ತಾ ಇದ್ದಾರೆ."

ನಾನು ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿದೆ.

"ಅಮ್ಮ ಕೇಳ್ತಾ ಇದ್ದಾರಾ?"

"ಹೌದು ಮಾಮಿ. ನಿನ್ನೆ ವಾರ್ಡಿನಲ್ಲಿದ್ರು, ಚೆನ್ನಾಗಿ ಮಾತಾಡ್ತಾ ಇದ್ರು. ಇವತ್ತು ಬೆಳಿಗ್ಗೆ ಐಸಿಯುಗೆ ತಕೊಂಡು ಹೋದ್ರು. ತಮ್ಮ ಹೊರಟಿದ್ದಾನೆ, ವಿಮಾನದಲ್ಲಿದ್ದಾನೆ ಅಂತ ಅಪ್ಪ ಅಮ್ಮನಿಗೆ ಹೇಳಿದ್ದಾರೆ. ಆದ್ರೆ ಮಾವ ಯಾಕೆ ಒಂದು ಫೋನ್ ಕೂಡ ಮಾಡ್ಲಿಲ್ಲ?"

ಬಿಡಿಸಿ ಬಿಡಿಸಿ ಕೇಳಿದಾಗ ಒಂದೊಂದೇ ತಿಳಿಯಿತು. ಭಾವ ಪಿಸುಮಾತಿನಲ್ಲಿ ಮಾತಾಡಿದ್ದು, ಪರದೆಯ ಆ ಕಡೆ ಮಲಗಿದ್ದ ಅಕ್ಕನಿಗೆ ಕೇಳಿಸಬಾರದೆಂದು. ಹೃದಯ ತುಂಬ ನಿತ್ರಾಣವಾಗಿದೆ, ಬರಬೇಕಾದವರನ್ನು ಕರೆಸಿ ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರಂತೆ. ಭಾವ ಹೇಳಿದ್ದು ಅಕ್ಷರಶಃ ನಿಜ. ಭಾನುವಾರ ಬರ್ತೇನೆ ಎಂಬ ಇವರ ಮೆಸೇಜನ್ನು ಅವರು ಮಗಳಿಗೂ ತೋರಿಸಿರಲಿಲ್ಲ; ಅದನ್ನು ನೋಡಿ ಅವರಿಗೆ ತುಂಬ ನೋವಾಗಿತ್ತೆಂದು ಆಮೇಲೆ ಗೊತ್ತಾಯಿತು. ಸಾಕಿದ ಅಕ್ಕ ಸಾಯುತ್ತಿರುವಾಗ ಇವನಿಗೆ ಭಾನುವಾರವೇ ಆಗಬೇಕಾ ಎಂದು ಮುನಿಸಿಕೊಂಡು ಮತ್ತೆ ಫೋನ್ ಮಾಡಲಿಲ್ಲ. ಅಕ್ಕನಿಗೆ ಮಾತ್ರ, ತಮ್ಮ ಆಗಲೇ ಹೊರಟಾಯಿತು ಎಂದರು. ಅಕ್ಕ ನಂಬಿದರು. ನಮ್ಮವರು ಕೆಟ್ಟವರಲ್ಲ. ಯಾರಿಗೂ ನೋವಾಗಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹಂಚಿಡುತ್ತಾರೆ.

ಇವರನ್ನು ಎಬ್ಬಿಸಿ ಹೇಳಿದೆ. "ಅಕ್ಕ ಇದ್ದಾರೆ. ಜೀವದಿಂದ ಇದ್ದಾರೆ."

ಇವರು ನನ್ನ ಮುಖವನ್ನೇ ನೋಡಿದರು. ಒಮ್ಮೆಲೇ ನಕ್ಕರು. ಇವರು ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ, ಚಿಕ್ಕ ಮಕ್ಕಳು ನಗುವ ಹಾಗೆ, ಇಡೀ ಮೈಯಿಂದ. ಆಮೇಲೆ ದೇವರ ಮುಂದೆ ಹೋಗಿ ದೀಪ ಹಚ್ಚಿದರು. ನನಗೆ ಆ ಕ್ಷಣದಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

ಮುದೀರ್‌ಗೆ ಹೇಳುವುದೇ ದೊಡ್ಡ ಪಾಡಾಯಿತು. ರಜೆಯ ದಿನ ಅವರ ಮನೆಗೆ ಫೋನ್ ಮಾಡಿ, ಇವರ ಅರೆಬರೆ ಅರಬ್ಬಿಯಲ್ಲಿ, ಅಕ್ಕ ಸತ್ತಿಲ್ಲ, ಇಂದೇ ಹೋಗಬೇಕು ಎಂದು ಹೇಳಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ಸತ್ತಳು ಎಂದು ನಿನಗೆ ಯಾರು ಹೇಳಿದರು ಎಂದು ಮುದೀರ್ ಕೇಳಿದರು. ಯಾರೂ ಹೇಳಲಿಲ್ಲ ಎಂದರು ಇವರು. ಮತ್ತೆ ನೀನು ಯಾಕೆ ಕೇಳಲಿಲ್ಲ ಎಂದರು ಮುದೀರ್. ಬಹಳ ಮೃದುವಾಗಿಯೇ ಕೇಳಿದರು. "ಖಲಾಸ್, ಹೊರಡು" ಎಂದು ಅವರೇ ಮಾತು ಮುಗಿಸಿ, ಒಪ್ಪಿಗೆಯ ತಾರೀಕು ಬದಲಿಸಿ ಕೊಟ್ಟರು.

ಸಂಜೆ ಮುಂಬೈಗೆ ಒಂದು ವಿಮಾನದಲ್ಲಿ ಸೀಟು ಸಿಕ್ಕಿತು. ಹಾಜಿಯವರು ಕೆಫೆಟೇರಿಯಾ ಬಿಟ್ಟು ತಮ್ಮ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಒಂದು ಡಬ್ಬಿ ಖರ್ಜೂರ ಇಟ್ಟು, "ಅಕ್ಕನಿಗೆ ನನ್ನ ಸಲಾಂ ಹೇಳಿ. ಬೆಳಿಗ್ಗೆ ನಾನು ಅವರಿಗೋಸ್ಕರ ಮಾಡಿದ ದುವಾ ಬೇರೆಯದ್ದು, ಇನ್ನು ಗುಣವಾಗ್ಲಿ ಅಂತ ಮಾಡ್ತೇನೆ" ಅಂದರು. ವಿಮಾನ ನಿಲ್ದಾಣದವರೆಗೆ ನಾನೂ ಜೊತೆಗೆ ಹೋದೆ. ಅಹ್ಮದಿಯ ಹತ್ತಿರ ಬರುವಾಗ ಅಕ್ಕನ ಮಗಳು ವೀಡಿಯೋ ಕಾಲ್ ಮಾಡಿದಳು. ಐಸಿಯುವಿನಲ್ಲಿ ನೋಡುವ ಹೊತ್ತಂತೆ, ಸಿಸ್ಟರನ್ನು ಕಾಡಿಬೇಡಿ ಫೋನು ಒಳಗೆ ತಂದಿದ್ದಳು. ಅಕ್ಕನ ಮುಖ ಕಂಡಿತು. ಮೂಗು ಬಾಯಿ ಮುಚ್ಚಿ ಮಾಸ್ಕು, ಕಣ್ಣು ಮುಚ್ಚಿತ್ತು.

"ಅಕ್ಕ, ನಾನು. ಬರ್ತಾ ಇದ್ದೇನೆ ಅಕ್ಕ."

"ಈಗ ಇಂಜೆಕ್ಷನ್ ಕೊಟ್ಟಿದ್ದಾರೆ ಮಾವ. ಕೇಳುದಿಲ್ಲ. ಬೆಳಿಗ್ಗೆ ಎಚ್ಚರ ಆಗ್ತದಂತೆ."

"ಆಗ್ಲಿ, ಆಗ್ಲಿ. ಮಲಗ್ಲಿ ಅವಳು. ನಾನು ಬಂದೇ ಮಾತಾಡ್ತೇನೆ." ಇವರು ಫೋನನ್ನು ನನ್ನ ಕಡೆ ತಿರುಗಿಸಿದರು. "ನೋಡು, ಹೊದಿಕೆ ಮೇಲೆ ಕೆಳಗೆ ಆಗ್ತಾ ಉಂಟು. ಉಸಿರಾಡ್ತಾ ಇದ್ದಾಳೆ."

ಆ ದಾರಿಯುದ್ದಕ್ಕೂ ಇವರು ಮಾತಾಡುತ್ತಲೇ ಇದ್ದರು. ಗುಣವಾದ ಮೇಲೆ ಅಕ್ಕನನ್ನು ಒಮ್ಮೆ ಕರಕೊಂಡು ಬರಲೇಬೇಕು, ಡಾಕ್ಟರು ಬೇಡವೆಂದರೆ ಬೇರೆ ಡಾಕ್ಟರನ್ನು ಕೇಳಬೇಕು, ನೆಲಮಹಡಿಯ ಮನೆ ಖಾಲಿಯಿದೆ, ಮೆಟ್ಟಿಲು ಹತ್ತುವ ತೊಂದರೆಯಿಲ್ಲ. ಹೋದ ಜೀವ ವಾಪಸ್ ಬಂದ ಹಾಗಾಯ್ತು ಹಾಜಿಯವರೇ, ಇಂಥದ್ದು ಯಾರಿಗೆ ಸಿಗ್ತದೆ ಎಂದು ಮತ್ತೆ ಮತ್ತೆ ಹೇಳಿದರು. ಹಾಜಿಯವರು ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ತಪ್ಪಿಸಿಕೊಂಡರು.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಾನು ಚಹಾಕ್ಕೆ ನೀರಿಟ್ಟಿದ್ದೆ. ಭಾವ ಫೋನ್ ಮಾಡಿದರು. ಈ ಸಲ ಅವರ ಹಳೆಯ ದೊಡ್ಡ ಗಂಟಲಿನಲ್ಲೇ ಅತ್ತರು. ಅಕ್ಕ ಎಚ್ಚರವಾಗದೆ ಹೋಗಿಬಿಟ್ಟಿದ್ದರು.

"ಅವನಿಗೆ ಹೇಳ್ಬೇಡಮ್ಮ," ಅಂದರು. "ಮುಂಬೈಯಲ್ಲಿ ಒಬ್ಬನೇ ಇದ್ದಾನೆ. ಮಂಗಳೂರಿಗೆ ಇಳಿಲಿ. ನಾವು ಕರ್ಕೊಂಡು ಬರ್ತೇವೆ."

ಇನ್ನೂ ಸಾಕಾಗಲಿಲ್ಲವಾ ನಿಮಗೆಲ್ಲ ಎಂದು ಕಿರುಚಬೇಕೆನಿಸಿತು. ಹೆಂಡತಿಯನ್ನು ಕಳೆದುಕೊಂಡ ಆ ಮನುಷ್ಯನಿಗೆ ಏನೂ ಹೇಳಲಾರದೆ ಫೋನ್ ಇಟ್ಟೆ. ನಾನು ಸುಳ್ಳು ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದೆ. ಒಂದು ಗುರುವಾರದ ಮೌನ ಇವರ ಕೊನೆಯ ಮಾತನ್ನು ತಿಂದು ಹಾಕಿತು. ಇನ್ನು ಈ ಮನುಷ್ಯನನ್ನು ಯಾರೂ ಕತ್ತಲೆಯಲ್ಲಿಡಬಾರದು, ನಾನಂತೂ ಇಡುವುದಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಇವರೇ ಫೋನ್ ಮಾಡಿದರು. ಹಿಂದೆ ಅನೌನ್ಸ್‌ಮೆಂಟ್ ಕೇಳುತ್ತಿತ್ತು.

"ಇಲ್ಲಿ ಕೂತಿದ್ದೇನೆ. ಮಂಗಳೂರಿನ ವಿಮಾನಕ್ಕೆ ಇನ್ನೂ ಹೊತ್ತುಂಟು. ಒಂದು ಇಡ್ಲಿ ತಿಂದೆ. ಅಕ್ಕನಿಗೆ ಎಚ್ಚರ ಆಯ್ತಂತಾ?"

"ಅಕ್ಕ ಹೋದ್ರು," ಅಂದೆ. "ಬೆಳಿಗ್ಗೆ. ನಿದ್ದೆಯಲ್ಲೇ."

ಹಿಂದೆ ಅನೌನ್ಸ್‌ಮೆಂಟಿನಲ್ಲಿ ಯಾವುದೋ ಊರಿಗೆ ಹೋಗುವವರನ್ನು ಯಾವುದೋ ಬಾಗಿಲಿಗೆ ಕರೆಯುತ್ತಿದ್ದರು. ಅದು ಮುಗಿಯಿತು. ಮತ್ತೆ ಇವರು "ಸರಿ" ಎಂದರು. ನಾನು ಇನ್ನೇನೋ ಹೇಳಲು ಹೊರಟಾಗ ಫೋನ್ ಕಟ್ಟಾಗಿತ್ತು.

ಊರಿನಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿ, ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಸಿ ಇವರು ವಾಪಸ್ ಬಂದರು. ಭಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರಂತೆ, ಇಬ್ಬರೂ ಹಿಡಿದುಕೊಂಡು ಅತ್ತರಂತೆ. ಇವರು ಮತ್ತೆ ಕೆಲಸಕ್ಕೆ ಸೇರಿದರು. ಬಸ್ಸುಗಳು ಬಂದವು, ಹೋದವು. ಶೌಚಾಲಯದ ನಲ್ಲಿಗಳು ಕೆಟ್ಟವು, ಇವರು ರಿಪೇರಿ ಮಾಡಿಸಿದರು. ಶುಕ್ರವಾರ ಊಟವಾದ ಮೇಲೆ ಮಾತ್ರ ಇವರಿಗೆ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ತಟ್ಟೆ ತೊಳೆದು, ಕೈ ಒರೆಸಿಕೊಂಡು, ಮನೆಯೊಳಗೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು. ನಾನು ನೋಡಲಾರದೆ ಟಿವಿ ಹಾಕುತ್ತಿದ್ದೆ.

ಹಾಗೆ ಒಂದು ಶುಕ್ರವಾರ ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ನಾನು ಜಗಳಕ್ಕೆ ನಿಂತೆ. ಜಗಳವಾಡಿದರೆ ಇವರ ಬಾಯಿಯಿಂದ ಏನಾದರೂ ಹೊರಗೆ ಬಂದೀತು ಎಂಬ ಆಸೆ ನನಗೆ. ನಿಮ್ಮವರ ಆ ದರಿದ್ರ ಅಭ್ಯಾಸದಿಂದಲೇ ಹೀಗಾದದ್ದು, ಒಬ್ಬರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ, ಒಬ್ಬರಾದರೂ ಬಾಯಿ ಬಿಟ್ಟು ಕೇಳಿದ್ದರೆ ನೀವು ಗುರುವಾರವೇ ಅಕ್ಕನ ಹತ್ತಿರ ಮಾತಾಡಬಹುದಿತ್ತು ಎಂದೆ. ಬೇರೆಯವರೆಲ್ಲ ಏನು ಬೇಕಾದರೂ ಮಾಡಲಿ, ನೀವು ಮುಂಬೈಯಲ್ಲಿದ್ದಾಗ ನಾನಾದರೂ ನಿಜವನ್ನೇ ಹೇಳಿದೆ ಎಂದೆ.

ಇವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೌದು. ನೀನು ನಿಜ ಹೇಳಿದ್ದಿ," ಎಂದರು. "ಹೇಳದಿದ್ರೆ ಮಂಗಳೂರಿಗೆ ಇಳಿಯುವವರೆಗಾದ್ರೂ ನನಗೆ ಅಕ್ಕ ಇರ್ತಿದ್ಲು."